ಎಡಗಣ್ಣಿನ ನೀಲಿ

ನಮ್ಮ ಮನೆಯ ಸ್ಲೈಡುಗಳಲ್ಲಿ ಎರಡು ಪಕ್ಷ. ಒಂದು ಪೂರ್ವ ಜರ್ಮನಿಯದು, ಇನ್ನೊಂದು ಅಮೆರಿಕದ್ದು. ಶೀತಲ ಸಮರ ಮುಗಿದು, ಬರ್ಲಿನ್ ಗೋಡೆ ಬಿದ್ದು, ಆ ಪೂರ್ವ ಜರ್ಮನಿಯೇ ನಕಾಶೆಯಿಂದ ಅಳಿಸಿಹೋದ ಮೇಲೂ ಮೈಸೂರಿನ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಇಬ್ಬರೂ ಬೇರೆ ಬೇರೆ ಡಬ್ಬಗಳಲ್ಲಿ ಬಿಗುಮಾನದಿಂದಲೇ ಕೂತಿದ್ದರು. ಅಪ್ಪನವು ಓರ್ವೋ, ಚಿಕ್ಕಪ್ಪನವು ಕೊಡಾಕ್ರೋಮ್. ಅಪ್ಪನವಕ್ಕೆ ಪ್ಲಾಸ್ಟಿಕ್ ಚೌಕಟ್ಟು, ಮೇಲೆ ಅಪ್ಪನ ಸಣ್ಣಕ್ಷರ. ಚಿಕ್ಕಪ್ಪನವಕ್ಕೆ ರಟ್ಟಿನ ಚೌಕಟ್ಟು, ಅದರಂಚಿಗೆ ತೊಳೆದ ತಿಂಗಳು, ವರ್ಷದ ಮುದ್ರೆ. ಹೀಗಾಗಿ ಚಿಕ್ಕಪ್ಪನ ಇತಿಹಾಸಕ್ಕೆ ತಾರೀಖಿದೆ. ಅಪ್ಪನ ಇತಿಹಾಸಕ್ಕೆ ‘ಕುಕ್ಕರಹಳ್ಳಿ ಕೆರೆ, ಸಂಜೆ’ ಎಂಬಷ್ಟೇ ಆಧಾರ.

ಸ್ಲೈಡು ಅಂದರೆ ಪವರ್‌ಪಾಯಿಂಟಾ ಎಂದು ಕೇಳುವ ವಯಸ್ಸಿನವರು ಈಗ ಮನೆಯಲ್ಲಿದ್ದಾರಾದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಅದರಿಂದ ಕಾಗದದ ಮೇಲೆ ಪ್ರಿಂಟು ಹಾಕಿಸಬೇಕು. ಸ್ಲೈಡು ಹಾಗಲ್ಲ, ಕ್ಯಾಮೆರಾದೊಳಗೆ ಓಡಿದ ಫಿಲಮ್ಮೇ ಕೊನೆಯ ಚಿತ್ರ. 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಆ ತುಣುಕನ್ನು 5 ಸೆಂಟಿಮೀಟರ್ ಚೌಕದ ಚೌಕಟ್ಟಿಗೆ ಸೇರಿಸಿ, ಹಿಂದಿನಿಂದ ಬೆಳಕು ಬಿಟ್ಟು ಗೋಡೆಯ ಮೇಲೆ ದೊಡ್ಡದು ಮಾಡಿ ನೋಡುವುದು. ಮೂಲ ಅನ್ನುವುದು ಒಂದೇ ಪ್ರತಿ. ಕಳೆದರೆ ಕಳೆಯಿತು, ಮಾಸಿದರೆ ಮಾಸಿತು.

ಅಪ್ಪ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಸ್ಲೈಡು ತೆಗೆಯುವುದಕ್ಕೆ ಅವರ ಅಧಿಕೃತ ಕಾರಣ ಪಾಠ. ಎಲೆಯ ಜೋಡಣೆ, ಹೂಗೊಂಚಲಿನ ಬಗೆ, ಬೇರಿನ ಗಂಟು ಇವನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬರೆದು ಸಾಕಾಗಿತ್ತಂತೆ. ಆದರೆ ಒಂದು ಸುರುಳಿಯಲ್ಲಿ 36 ಚಿತ್ರ. ಅಷ್ಟಕ್ಕೂ ಹೂವೇ ಸಿಗಬೇಕಲ್ಲ? ಹೀಗಾಗಿ ಅಪ್ಪನ ಡಬ್ಬದ ಅನುಕ್ರಮ ವಿಚಿತ್ರವಾಗಿದೆ: ಎಕ್ಕದ ಹೂ, ಎಕ್ಕದ ಹೂ ಹತ್ತಿರದಿಂದ, ಬಾಳೆಗೆ ಬಂದ ರೋಗ, ಅದರ ಪಕ್ಕ ಜರಿ ಲಂಗದಲ್ಲಿ ನಾನು. ತರಗತಿಯಲ್ಲಿ ಒಮ್ಮೆ ರೋಗದ ನಂತರ ನಾನೇ ಬಂದುಬಿಟ್ಟೆನೆಂದೂ ಹುಡುಗರು ಚಪ್ಪಾಳೆ ತಟ್ಟಿದರೆಂದೂ ಮನೆಯಲ್ಲೊಂದು ಕಥೆಯಿದೆ. ಅಪ್ಪ ಅದನ್ನು ಒಪ್ಪುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ.

ಓರ್ವೋ ಯಾಕೆ? ಸಿಗುತ್ತಿದ್ದದ್ದೇ ಅದು. ಎಪ್ಪತ್ತರ ದಶಕದಲ್ಲಿ ಡಾಲರು ಕೊಟ್ಟು ಫಿಲಂ ತರಿಸುವುದು ಸರ್ಕಾರದ ಕಣ್ಣಿಗೆ ಪಾಪಕ್ಕೆ ಸಮ. ಪೂರ್ವ ಜರ್ಮನಿಯ ಜೊತೆಗಾದರೆ ರೂಪಾಯಿಯಲ್ಲೇ ವ್ಯಾಪಾರ. ಊಟಿಯಲ್ಲಿ 1960ರಲ್ಲಿ ಹುಟ್ಟಿದ ನಮ್ಮದೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪುಬಿಳುಪು ಫಿಲಂ ಕೊಡುತ್ತಿತ್ತು. ಬಣ್ಣ ಬೇಕೆಂದವರ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು ಓರ್ವೋ. ಆಗಿನ ಸಿನಿಮಾಗಳ ಶೀರ್ಷಿಕೆಯಲ್ಲೂ ಈಸ್ಟ್‌ಮನ್ ಕಲರ್, ಗೇವಾ ಕಲರ್ ಜೊತೆಗೆ ‘ಓರ್ವೋ ಕಲರ್’ ಎಂದು ನೋಡಿದ ನೆನಪು ಹಲವರಿಗಿರಬೇಕು. ಅಪ್ಪನ ಫಿಲಮ್ಮಿನ ಹೆಸರು ಯುಟಿ 18. ವೇಗ 50 ಎಎಸ್‌ಎ, ಅಂದರೆ ಬಹಳ ನಿಧಾನ. ಮೋಡ ಬಂದರೆ ಅಪ್ಪ ಕ್ಯಾಮೆರಾ ಚೀಲದೊಳಗಿಟ್ಟು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ನಮ್ಮ ಕುಟುಂಬದ ಮಳೆಗಾಲದ ಚಿತ್ರ ಒಂದೂ ಇಲ್ಲ. ಆ ಡಬ್ಬ ನೋಡಿದವರು ಮೈಸೂರಿನಲ್ಲಿ ಮಳೆಯೇ ಬರುತ್ತಿರಲಿಲ್ಲ ಅಂದುಕೊಳ್ಳಬೇಕು.

ಕಾಲೇಜಿನ ಪ್ರೊಜೆಕ್ಟರು ಆಗಾಗ ಶನಿವಾರ ನಮ್ಮ ಮನೆಗೆ ಬಂದು ಸೋಮವಾರ ಬೆಳಿಗ್ಗೆ ವಾಪಸಾಗುತ್ತಿತ್ತು. ನಡುಮನೆಯ ಗೋಡೆಗೆ ಪಂಚೆ ಕಟ್ಟುವುದು, ಪಕ್ಕದ ಮನೆಯವರಿಗೆ ಕಾಫಿ, ಮಕ್ಕಳು ನೆಲದ ಮೇಲೆ. ಬಲ್ಬಿನ ಕಾವಿಗೆ ಧೂಳು ಸುಟ್ಟ ವಾಸನೆ ಬರುತ್ತಿತ್ತು. ಅದೇ ಕಾವಿಗೆ ಫಿಲಂ ಸ್ವಲ್ಪ ಉಬ್ಬಿ, ಸ್ಪಷ್ಟವಾಗಿದ್ದ ಮುಖ ಇದ್ದಕ್ಕಿದ್ದಂತೆ ಮಸುಕಾಗುವುದು, ಅಪ್ಪ ಲೆನ್ಸು ತಿರುಗಿಸುವುದು, ಅಷ್ಟರಲ್ಲಿ ಕರೆಂಟು ಹೋಗುವುದು. ಹೂವು ಬಂದಾಗ ನೆರೆಯವರು ಸೌಜನ್ಯಕ್ಕೆ ‘ಓಹೋ’ ಅನ್ನುತ್ತಿದ್ದರು. ಅಮ್ಮನ ಒಂದು ಚಿತ್ರ ಬಂದಾಗ ಮಾತ್ರ ಎಲ್ಲರೂ ನಿಜವಾಗಿ ಎದ್ದು ಕೂರುತ್ತಿದ್ದರು. ನೀಲಿ ರೇಷ್ಮೆ ಸೀರೆ, ಜಗಲಿಯ ಕಂಬ, ಪಕ್ಕದಲ್ಲಿ ನಂದಿಬಟ್ಟಲು ಗಿಡ. 1974ರ ಬೇಸಿಗೆ, ಚಿಕ್ಕಪ್ಪ ಅಮೆರಿಕದಿಂದ ಮೊದಲ ಸಲ ಊರಿಗೆ ಬಂದಾಗ ತೆಗೆದದ್ದು. ಆ ಸೀರೆಯೇ ಈ ಪ್ರಬಂಧದ ನಾಯಕಿ.

ಸ್ಕ್ಯಾನರು ತಂದದ್ದು ನನ್ನ ಮಗ. ಪುಟ್ಟ ಕರಿ ಪೆಟ್ಟಿಗೆ, ಫೋನಿನ ಚಾರ್ಜರಿಗೇ ಸಿಕ್ಕಿಸಬಹುದು, ಊಟದ ಮೇಜಿನ ಮೂಲೆ ಸಾಕು. ಸ್ಕ್ಯಾನರ್ ಎಂಬುದು ಹೆಸರಿಗೆ. ನಿಜವಾದ ಸ್ಕ್ಯಾನರು ಗೆರೆ ಗೆರೆಯಾಗಿ ಓದುತ್ತ ಹೋಗುತ್ತದೆ. ಇದರೊಳಗೆ ಇರುವುದು ಕೆಳಗೊಂದು ಬಿಳಿ ಎಲ್‌ಇಡಿ ದೀಪ, ಮೇಲೊಂದು ಸಣ್ಣ ಕ್ಯಾಮೆರಾ. ಸ್ಲೈಡನ್ನು ತಟ್ಟೆಯಲ್ಲಿಟ್ಟು ತಳ್ಳಿ ಗುಂಡಿ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಚಿತ್ರಕ್ಕೊಂದು ಚಿತ್ರ ತೆಗೆದು ಕಾರ್ಡಿಗೆ ಹಾಕುತ್ತದೆ. ಡಬ್ಬದ ಮೇಲೆ 22 ಮೆಗಾಪಿಕ್ಸೆಲ್ ಎಂದಿದೆ. ಇಂಥ ಯಂತ್ರಗಳ ಮೇಲಿನ ಅಂಕಿಯಲ್ಲಿ ಎಷ್ಟೋ ಪಾಲು ಯಂತ್ರ ತಾನೇ ಊಹಿಸಿ ತುಂಬಿದ ಚುಕ್ಕಿಗಳು. ಒಳ್ಳೆಯ ಫಿಲಂ ಸ್ಕ್ಯಾನರು ಇಂಚಿಗೆ 4000 ಚುಕ್ಕಿಯಂತೆ ಓದಿದರೆ ಒಂದು ಸ್ಲೈಡಿನಿಂದ ಸುಮಾರು 21 ಮೆಗಾಪಿಕ್ಸೆಲ್ ನಿಜವಾಗಿ ಸಿಗುತ್ತದೆ. ಅದರ ಬೆಲೆ ಕೇಳಿದರೆ ಸ್ಲೈಡುಗಳು ಟ್ರಂಕಿನಲ್ಲೇ ಚೆನ್ನಾಗಿವೆ ಅನ್ನಿಸುತ್ತದೆ. ಫೋನಿನಲ್ಲಿ ನೋಡಿ ‘ಅಯ್ಯೋ ಇವರು ಯಾರು’ ಅನ್ನುವುದಕ್ಕೆ ನಮ್ಮ ಪೆಟ್ಟಿಗೆ ಧಾರಾಳವಾಯಿತು.

ಕೆಲಸ ಸ್ಕ್ಯಾನಿನದಲ್ಲ, ಧೂಳಿನದು. ರಬ್ಬರ್ ಬುರುಡೆಯಿಂದ ಗಾಳಿ ಊದಬೇಕು, ಮೆತ್ತನೆಯ ಬ್ರಷ್ಷು ಆಡಿಸಬೇಕು, ಬೆರಳು ಅಂಚಿಗಷ್ಟೇ ತಾಗಬೇಕು. ಬಾಯಿಂದ ಊದಿದರೆ ಉಗುಳಿನ ಹನಿ ಗ್ಯಾರಂಟಿ. ಬೂಷ್ಟು ಮಾತ್ರ ಅಪ್ಪನ ದಯೆಯಿಂದ ಕಡಿಮೆಯಿತ್ತು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಲಿಕಾ ಜೆಲ್ ಹರಳು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಟ್ರಂಕಿನಲ್ಲಿಡುತ್ತಿದ್ದರು. ಒಣಗಿದ್ದಾಗ ನೀಲಿ, ತೇವ ಹೀರಿದಾಗ ಗುಲಾಬಿ. ಗುಲಾಬಿಯಾದ ಕೂಡಲೇ ಹಳೇ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತಿದ್ದರು. ಹುರಿದರೆ ಬಣ್ಣ ವಾಪಸು ಬರುವ ವಸ್ತು ಆ ಟ್ರಂಕಿನಲ್ಲಿ ಅದೊಂದೇ.

ಇನ್ನೊಂದು ತಾಪತ್ರಯ ಎಡಬಲದ್ದು. ಫಿಲಮ್ಮಿನ ಮಂಕು ಮುಖ ಯಾವುದು, ಹೊಳೆಯುವ ಮುಖ ಯಾವುದು ನೋಡಿ ಇಡದಿದ್ದರೆ ಇಡೀ ಚಿತ್ರ ಕನ್ನಡಿಯೊಳಗಿನದಾಗುತ್ತದೆ. ಕೊಡಾಕ್‌ನವರ ರಟ್ಟಿನ ಮೇಲೆ ಪರದೆಯ ಕಡೆಗಿರಬೇಕಾದ ಮುಖ ಯಾವುದೆಂದು ಅಚ್ಚು ಹಾಕಿರುತ್ತಿದ್ದರು. ಅಪ್ಪನವಕ್ಕೆ ಆ ಸೌಲಭ್ಯವಿಲ್ಲ. ಅಂಗಡಿಯ ಬೋರ್ಡು ಕಂಡರೆ ಸರಿ, ಅಕ್ಷರ ಹೇಳುತ್ತದೆ. ಮದುವೆ ಮನೆಯ ಚಿತ್ರಗಳಿಗೆ ನಾನು ಸೆರಗಿನ ಲೆಕ್ಕ ಇಟ್ಟುಕೊಂಡೆ: ಸೆರಗು ಎಡ ಹೆಗಲ ಮೇಲಿದ್ದರೆ ಸ್ಲೈಡು ಸರಿ, ಬಲ ಹೆಗಲ ಮೇಲಿದ್ದರೆ ತಿರುವಿಡು. ಈ ಸೂತ್ರ ಚೆನ್ನಾಗಿಯೇ ನಡೆದು, ಅಪ್ಪನ ಸಹೋದ್ಯೋಗಿಯೊಬ್ಬರ ಮಗಳ ಮದುವೆಯಲ್ಲಿ ಬಂದು ನಿಂತಿತು. ಅವರು ಕೊಡವರು. ನೆರಿಗೆ ಹಿಂದಕ್ಕೆ, ಸೆರಗು ಬಲ ಹೆಗಲಿಗೆ. ಆ ಸಾಲಿನಲ್ಲಿ ಅಮ್ಮನೂ ಇದ್ದಳಾಗಿ, ಯಾರ ಸೆರಗನ್ನು ನಂಬುವುದೆಂದು ಅಮ್ಮನನ್ನೇ ಕೇಳಬೇಕಾಯಿತು. “ನನ್ನ ಸೆರಗು ನೋಡೇ, ಊರೋರ ಸೆರಗು ನಿನಗ್ಯಾಕೆ?”

ಈಗ ಬಣ್ಣದ ಮಾತು. ಚಿಕ್ಕಪ್ಪನ ಡಬ್ಬ ತೆರೆದು ಮೊದಲ ಸ್ಲೈಡು ತಳ್ಳಿದೆ. ಮಿಚಿಗನ್‌ನ ಹಿಮ ಹಿಮದಂತೇ ಬೆಳ್ಳಗೆ, ಅವರ ಮೊದಲ ಕಾರು ನಿನ್ನೆ ಷೋರೂಮಿನಿಂದ ಬಂದಷ್ಟು ಕೆಂಪಗೆ. ಅಪ್ಪನ ಡಬ್ಬ ತೆರೆದೆ. ಕೆರೆ ಕೆಂಪು, ಆಕಾಶ ಕೆಂಪು, ಬಾಳೆ ಎಲೆ ಕಂದು, ನಾನು ಬೀಟ್‌ರೂಟ್ ಪಲ್ಯ. ನೀಲಿ, ಹಸಿರುಗಳ ಭಾರ ಹೊರುವ ಪದರ ಸೋತು ಕೈಬಿಟ್ಟಿದೆ; ಉಳಿದದ್ದು ಕೆಂಪು ಸಂಸಾರ. ಒಂದೇ ಮನೆಯ ಅಣ್ಣತಮ್ಮಂದಿರು, ಒಂದೇ ಟ್ರಂಕು, ಒಂದೇ ಹವೆ. ಹಾಗಾದರೆ ದೋಷ ಎಲ್ಲಿಯದು ಎಂದು ಓದುತ್ತ ಹೋದರೆ ಎರಡೂ ಕಡೆ ಸಂಗೀತಗಾರರು ಸಿಕ್ಕಿದರು!

ಕೊಡಾಕ್ರೋಮನ್ನು ಕಂಡುಹಿಡಿದವರು ಲಿಯೋಪೋಲ್ಡ್ ಮ್ಯಾನ್ಸ್, ಲಿಯೋಪೋಲ್ಡ್ ಗೊಡೌಸ್ಕಿ ಎಂಬ ಇಬ್ಬರು. ಮೊದಲನೆಯವರು ಪಿಯಾನೋ, ಎರಡನೆಯವರು ಪಿಟೀಲು. ಶಾಲೆಯ ದಿನಗಳಿಂದಲೇ ಬಣ್ಣದ ಚಿತ್ರದ ಹುಚ್ಚು ಹಿಡಿಸಿಕೊಂಡವರು, ಕತ್ತಲ ಕೋಣೆಯಲ್ಲಿ ಗಡಿಯಾರ ಕಾಣದೆ ಬ್ರಾಮ್ಸ್‌ನ ಸಿಂಫನಿಯನ್ನು ಸಿಳ್ಳೆ ಹಾಕಿ ಸಮಯ ಅಳೆಯುತ್ತಿದ್ದರೆಂದು ಪ್ರತೀತಿ. ನಮ್ಮವರಾಗಿದ್ದರೆ ಆದಿತಾಳದಲ್ಲಿ ಇಷ್ಟು ಆವರ್ತ ಎಂದು ಲೆಕ್ಕ ಹಾಕುತ್ತಿದ್ದರೋ ಏನೋ. 1935ರಲ್ಲಿ ಸಿನಿಮಾ ಫಿಲಂ ಆಗಿ, ಮರುವರ್ಷ ಸ್ಲೈಡು ಫಿಲಂ ಆಗಿ ಅದು ಮಾರುಕಟ್ಟೆಗೆ ಬಂತು. ಅದರ ಗುಟ್ಟೆಂದರೆ ಫಿಲಮ್ಮಿನೊಳಗೆ ಬಣ್ಣವೂ ಇಲ್ಲ, ಬಣ್ಣ ಹುಟ್ಟಿಸುವ ಸಾಮಗ್ರಿಯೂ ಇಲ್ಲ. ಮೂರು ಪದರದ ಕಪ್ಪುಬಿಳುಪು ಫಿಲಂ ಅಷ್ಟೆ. ಬಣ್ಣ ಕಟ್ಟುವ ರಾಸಾಯನಿಕಗಳನ್ನೆಲ್ಲ ತೊಳೆಯುವಾಗ ಲ್ಯಾಬಿನಲ್ಲಿ ಒಂದೊಂದಾಗಿ ಕೂಡಿಸುತ್ತಾರೆ. ಬಹಳ ಕಷ್ಟದ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಆದರೆ ಕೆಲಸ ಮುಗಿದ ಮೇಲೆ ಫಿಲಮ್ಮಿನಲ್ಲಿ ಬೇಡದ ಪದಾರ್ಥ ಉಳಿಯುವುದಿಲ್ಲ. ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಹಾಗೇ ಇರುತ್ತದೆ.

ಜರ್ಮನಿಯಲ್ಲಿ ದಾರಿ ಬೇರೆ. ಅಲ್ಲಿ ಬಣ್ಣ ಹುಟ್ಟಿಸುವ ಸಾಮಗ್ರಿಯನ್ನು ಮೊದಲೇ ಫಿಲಮ್ಮಿನ ಪದರಗಳಲ್ಲಿ ಬೆರೆಸಿಟ್ಟರು. 1936ರಲ್ಲಿ ವುಲ್ಫೆನ್ ಎಂಬ ಊರಿನ ಆಗ್ಫಾ ಕಾರ್ಖಾನೆಯಿಂದ ಅದು ಹೊರಬಂತು. ತೊಳೆಯುವುದು ಸಲೀಸು. ಮುಂದೆ ಲೋಕದ ಮಿಕ್ಕೆಲ್ಲ ಬಣ್ಣದ ಫಿಲಂಗಳೂ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿ. ಯುದ್ಧ ಮುಗಿದಾಗ ವುಲ್ಫೆನ್ ಮೊದಲು ಅಮೆರಿಕನ್ನರ ಕೈಗೆ, ಆಮೇಲೆ ಸೋವಿಯತ್ತರ ಕೈಗೆ ಹೋಯಿತು. ಆಗ್ಫಾ ಎಂಬ ಹೆಸರು ಪಶ್ಚಿಮದ ಪಾಲಾಗಿ, 1964ರಲ್ಲಿ ಇವರು ‘ಒರಿಜಿನಲ್ ವುಲ್ಫೆನ್’ ಎಂಬುದನ್ನು ಕತ್ತರಿಸಿ ‘ಓರ್ವೋ’ ಮಾಡಿಕೊಂಡರು. ನಾವೇ ಅಸಲಿ ಎಂದು ಹೆಸರಿನಲ್ಲೇ ಹೇಳಿಕೊಳ್ಳುವ ಹೋಟೆಲುಗಳು ನಮ್ಮಲ್ಲೂ ಉಂಟಷ್ಟೆ.

ಸಂಗೀತಗಾರ ಎಲ್ಲಿ ಎಂದರೆ, ಆಗ್ಫಾದ ಮೂಲಪುರುಷರಲ್ಲಿ. 1867ರಲ್ಲಿ ಬರ್ಲಿನ್ನಿನ ಬಳಿ ಅದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಪೌಲ್ ಮೆಂಡೆಲ್ಸನ್ ಬಾರ್ತೋಲ್ಡಿ, ಸಂಗೀತರಚನಕಾರ ಫೆಲಿಕ್ಸ್ ಮೆಂಡೆಲ್ಸನ್ನರ ಮಗ. ಶುರು ಮಾಡಿದ್ದಾದರೂ ಏನನ್ನು? ಬಟ್ಟೆಯ ಬಣ್ಣದ ಕಾರ್ಖಾನೆಯನ್ನು! ರೋಮನ್ ಲಿಪಿಯಲ್ಲಿ ಬರೆದರೆ ಆಗ್ಫಾದ ನಾಲ್ಕಕ್ಷರದಲ್ಲಿ ಮೊದಲೆರಡು ಕಂಪನಿ, ಉಳಿದೆರಡು ಅನಿಲೀನ್ ತಯಾರಿಕೆಗೆ. ಕಲ್ಲಿದ್ದಲ ಡಾಂಬರಿನಿಂದ ಬಟ್ಟೆಗೆ ಬಣ್ಣ ತೆಗೆಯುವುದು ಅವರ ಕಸುಬು. ಫೋಟೋ ಆಮೇಲೆ ಬಂದದ್ದು. ನನಗೆ ಇಲ್ಲಿ ನಿಂತುಬಿಡಬೇಕು ಅನ್ನಿಸಿತು. ಅಮ್ಮನ ಸೀರೆಯ ಬಣ್ಣ, ಆ ಸೀರೆಯ ಚಿತ್ರದ ಬಣ್ಣ ಎರಡೂ ಒಂದೇ ಡಾಂಬರು ವಂಶದ ದಾಯಾದಿಗಳು.

ಸೀರೆ ಕಂಚಿಯದು. ಬಣ್ಣ ಎಂ.ಎಸ್. ಬ್ಲೂ. ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ಕಂಚಿಯ ಮುತ್ತು ಚೆಟ್ಟಿಯಾರರು ನೇಯಿಸಿದ ನೀಲಿ ಅದು. ಕಛೇರಿಯಲ್ಲಿ ಕಂಡ ಹೆಂಗಸರೆಲ್ಲ ಅದೇ ಬೇಕೆಂದರು. ನೋಡಿ, ಮೂರನೆಯ ಸಂಗೀತಗಾರರೂ ಬಂದಂತಾಯಿತು. ಆಗ ಅಂಗಡಿಗೊಂದು ಎಂ.ಎಸ್. ಬ್ಲೂ ಇರುತ್ತಿತ್ತಂತೆ. ಒಬ್ಬರದು ಕಡುನೀಲಿ, ಇನ್ನೊಬ್ಬರದರಲ್ಲಿ ಹಸಿರಿನ ನೆರಳು, ಮತ್ತೊಬ್ಬರದು ಬರೀ ಇಂಕು. “ನಂದೇ ನಿಜವಾದ್ದು” ಎನ್ನುವುದು ಅಮ್ಮನ ವಾದ. ಓರ್ವೋದವರ ಹಾಗೆಯೇ.

ಕಂಪ್ಯೂಟರಿನಲ್ಲಿ ಬಣ್ಣ ಸರಿ ಮಾಡುವ ಉಪಾಯ ಸರಳ. ಚಿತ್ರದಲ್ಲಿ ನಿಜಕ್ಕೂ ಬೆಳ್ಳಗಿದ್ದ ಒಂದು ಜಾಗ ತೋರಿಸಿದರೆ ಅದನ್ನು ಬಿಳಿ ಎಂದು ಹಿಡಿದು ಮಿಕ್ಕದ್ದನ್ನು ಅದೇ ಎಳೆತಕ್ಕೆ ಎಳೆಯುತ್ತದೆ. ಕುಟುಂಬದ ಚಿತ್ರಗಳಲ್ಲಿ ಬಿಳಿಗೆ ಬರವೇ, ಗಂಡಸರೆಲ್ಲ ಪಂಚೆ. ಆದರೆ ಪಂಚೆ ನಂಬಲರ್ಹ ಸಾಕ್ಷಿಯಲ್ಲ, ಅದಕ್ಕೆ ನೀಲಿ ಹಾಕಿರುತ್ತಾರೆ. ನೀಲಿಯನ್ನು ಬಿಳಿ ಎಂದು ಹಿಡಿದ ಯಂತ್ರ ಇಡೀ ಮದುವೆ ಮನೆಗೆ ಅರಿಶಿನ ಬಳಿಯುತ್ತದೆ.

ಬೀರುವಿನಿಂದ ಸೀರೆಯನ್ನೇ ತೆಗೆದು ಪರದೆಯ ಪಕ್ಕ ಹಿಡಿಯೋಣ ಎಂದುಕೊಂಡೆ. ಅಮ್ಮ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿದರೆ ಸೀರೆಯಲ್ಲೇ ಮೂರು ನೀಲಿ. ಮಡಿಕೆಯ ಒಳಗೊಂದು, ಹೊರಮೈಯಲ್ಲೊಂದು, ಅಂಚಿನ ಹತ್ತಿರ ನೀಲಿ ಅನ್ನಬಹುದಾದಂಥ ಒಂದು. ದಾಯಾದಿಯೂ ಮಾಸಿತ್ತು.

“ಅಮ್ಮಾ, ಇದರಲ್ಲಿ ಯಾವುದು?”

ಅಮ್ಮ ಸೀರೆಯನ್ನು ಕಿಟಕಿಗೆ ಹಿಡಿದು ಎಡಗಣ್ಣು ಮುಚ್ಚಿದಳು, ಆಮೇಲೆ ಬಲಗಣ್ಣು ಮುಚ್ಚಿದಳು. ಇದಕ್ಕೊಂದು ಹಿನ್ನೆಲೆಯಿದೆ. ಅಮ್ಮನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣಿಗೆ ಆಗಬೇಕು. ವಯಸ್ಸಾಗುತ್ತ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಮಸೂರ ಹಾಕಿದ ಮೇಲೆ ಲೋಕ ಇದ್ದಕ್ಕಿದ್ದಂತೆ ನೀಲಿಯಾಗುತ್ತದೆ. ಬ್ಯಾಂಡೇಜು ಬಿಚ್ಚಿ ಮನೆಗೆ ಬಂದ ಅಮ್ಮ ಅಡುಗೆಮನೆಯ ಗೋಡೆ ನೋಡಿ, “ಯಾವಾಗ ಸುಣ್ಣ ಹೊಡೆಸಿದ್ರಿ? ನನಗೆ ಹೇಳಲೇ ಇಲ್ಲ” ಎಂದು ಕೋಪಿಸಿಕೊಂಡಿದ್ದಳು. ಈಗ ಅವಳ ಹತ್ತಿರ ಎರಡು ಲೋಕವಿದೆ. ಬಲಗಣ್ಣಿಗೆ ಬಿಳಿ ಕೆನೆಬಣ್ಣ, ಎಡಗಣ್ಣಿಗೆ ಬಿಳಿ ಬಿಳಿ.

“ಈ ಕಣ್ಣಲ್ಲಿ ನೋಡಿದ್ರೆ ನವಿಲಿನ ಕತ್ತು. ಈ ಕಣ್ಣಲ್ಲಿ ನೋಡಿದ್ರೆ ಯಾರೂ ನೇಯದೇ ಇರೋ ನೀಲಿ,” ಎಂದಳು. ತೀರ್ಪು ಮುಂದಕ್ಕೆ ಹೋಯಿತು.

ಆಗ ನೆನಪಾದದ್ದು ನಂದಿಬಟ್ಟಲು. ಅದೇ ಚಿತ್ರದಲ್ಲಿ ಅಮ್ಮನ ಮೊಣಕೈ ಹತ್ತಿರ ಹೂ ಬಿಟ್ಟು ನಿಂತಿದೆ. ನಂದಿಬಟ್ಟಲಿಗೆ ಯಾರೂ ನೀಲಿ ಹಾಕುವುದಿಲ್ಲ. 1974ರ ಸೀರೆ ಮಾಸಬಹುದು, 1974ರ ಫಿಲಂ ಮಾಸಬಹುದು, ನಂದಿಬಟ್ಟಲು ಈ ಬೆಳಿಗ್ಗೆಯೂ ಹೊಸದಾಗಿ ಅರಳಿ ಅಂಗಳದಲ್ಲಿದೆ, ಅಷ್ಟೇ ಬೆಳ್ಳಗೆ. ಸಸ್ಯಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಹೂವು ಸಾಕ್ಷಿಗೆ ಬರುವುದು ನ್ಯಾಯವೇ. ಹೂವಿನ ಎಸಳ ಮೇಲೆ ಒತ್ತಿದೆ. ಕೆಂಪು ಹಿಂದೆ ಸರಿಯಿತು. ಕಂಬಕ್ಕೆ ಮರದ ಬಣ್ಣ ಬಂತು, ಅಮ್ಮನ ಮುಖಕ್ಕೆ ಜೀವ ಬಂತು, ಸೀರೆ ಒಂದು ಬಗೆಯ ಬೂದು ಬೆರೆತ ನೀಲಿಯಾಯಿತು. ಇದ್ದದ್ದರಲ್ಲಿ ಸರಿಯಾದ ನೀಲಿ ಇದೇ ಎಂದು ನನ್ನ ಮಟ್ಟಿಗೆ ಒಪ್ಪಿದೆ.

ಅಮ್ಮ ಒಪ್ಪಲಿಲ್ಲ. “ಗಿಡದ ಮಾತು ಕೇಳಿಕೊಂಡು ನನ್ನ ಸೀರೆ ಬಣ್ಣ ಹೇಳ್ತೀಯೇನೇ? ನಿಮ್ಮಪ್ಪನ ಮಗಳೇ ಸರಿ.”

ಅವಳ ಆಕ್ಷೇಪಣೆಗೆ ಆಧಾರವಿಲ್ಲದಿಲ್ಲ. ಸತ್ತುಹೋದ ಪದರವನ್ನು ಯಂತ್ರ ಬದುಕಿಸಲಾರದು. ಉಳಿದದ್ದನ್ನು ಎಳೆದು ಹಿಗ್ಗಿಸಿ ಲೆಕ್ಕ ಹೊಂದಿಸುತ್ತದೆ. ಬಿಳಿ ಸರಿಹೋಯಿತೆಂದರೆ ನೀಲಿಯೂ ಸರಿಹೋಯಿತೆಂದು ಅರ್ಥವಲ್ಲ. ಮೇಲಾಗಿ ಶನಿವಾರ ಶನಿವಾರ ಬಲ್ಬಿನ ಕಾವಿನಲ್ಲಿ ನಿಂತದ್ದು ಇದೇ ಸ್ಲೈಡು. ಬಾಳೆಯ ರೋಗವನ್ನು ಮತ್ತೊಮ್ಮೆ ತೋರಿಸಿ ಎಂದು ನೆರೆಯವರು ಯಾರೂ ಕೇಳಲಿಲ್ಲವಾಗಿ ಅದು ಇವತ್ತಿಗೂ ತಕ್ಕಮಟ್ಟಿಗೆ ಗಟ್ಟಿಯಾಗಿದೆ. ಕೊಡಾಕ್ರೋಮಿನ ಹಣೆಬರಹವೂ ಇಷ್ಟೇ: ಕತ್ತಲಲ್ಲಿ ಅದಕ್ಕೆ ಸಾಟಿಯಿಲ್ಲ, ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಸೋಲುತ್ತದೆ. ಚಿಕ್ಕಪ್ಪನ ಹಿಮ ಇಷ್ಟು ಬೆಳ್ಳಗಿರುವುದಕ್ಕೆ ಅವರ ಮನೆಯಲ್ಲಿ ಯಾರೂ ಅದನ್ನು ನೋಡದೇ ಇದ್ದದ್ದೂ ಒಂದು ಕಾರಣವಿರಬೇಕು. ಇದನ್ನು ವಿಡಿಯೋ ಕಾಲಿನಲ್ಲಿ ಅವರಿಗೆ ಹೇಳಿದೆ. “ಪುಟ್ಟಿ, ನಿಮ್ಮ ಚಿಕ್ಕಮ್ಮ ಒಂದು ಸಲ ನೋಡಿದಾಳೆ. ಇನ್ನೊಂದು ಸಲ ನಿದ್ದೆ ಮಾಡಿದಾಳೆ,” ಎಂದರು. ಚಿಕ್ಕ ಮನೆಗೆ ಹೋಗುವಾಗ ಸ್ಲೈಡುಗಳನ್ನೆಲ್ಲ ನಮ್ಮ ಟ್ರಂಕಿಗೆ ದಾಟಿಸಿದವರು ಅವರೇ. ಆ ಫಿಲಂ ಮಾರುವುದನ್ನು ಕೊಡಾಕ್ 2009ರಲ್ಲಿ ನಿಲ್ಲಿಸಿತು. ಕಾನ್ಸಸ್‌ನ ಪಾರ್ಸನ್ಸ್ ಎಂಬ ಸಣ್ಣ ಊರಿನ ಕೊನೆಯ ಲ್ಯಾಬು 2010ರ ಡಿಸೆಂಬರ್ 30ರವರೆಗೆ ಬಂದ ಸುರುಳಿಗಳನ್ನು ತೊಳೆದುಕೊಟ್ಟು ಕೈತೊಳೆದುಕೊಂಡಿತು. “ನನ್ನ ಕ್ಯಾಮೆರಾದಲ್ಲಿ ಒಂದು ರೋಲು ಹಾಗೇ ಇದೆ,” ಎಂದರು ಚಿಕ್ಕಪ್ಪ. ಇನ್ನು ಅದರಿಂದ ಬಣ್ಣ ತೆಗೆಯುವವರಿಲ್ಲ.

ಮಾತಿನ ನಡುವೆ ಅವರೇ ಒಂದು ಸುಳಿವು ಕೊಟ್ಟರು. ಅವತ್ತು ಜಗಲಿಯಲ್ಲಿ ಅತ್ತಿಗೆಯ ಚಿತ್ರ ತಾವೂ ತೆಗೆದಿದ್ದರಂತೆ! ಟ್ರಂಕಿನ ತಳದ ಹಳದಿ ಡಬ್ಬದಲ್ಲಿ ಅದು ಸಿಕ್ಕಿತು. ಮುದ್ರೆ 1974ರ ಆಗಸ್ಟಿನದು, ಅಂದರೆ ವಾಪಸು ಹೋದ ಮೇಲೆ ತೊಳೆಸಿದ್ದು. ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ. ಅದೇ ಕಂಬ, ಅದೇ ಗಿಡ, ಅದೇ ಕ್ಷಣವೇ ಇರಬೇಕು. ಚಿಕ್ಕಪ್ಪನ ಚಿತ್ರದಲ್ಲಿ ಅಮ್ಮ ನೇರ ಲೆನ್ಸಿನೊಳಕ್ಕೆ ನಗುತ್ತಿದ್ದಾಳೆ. ಅಪ್ಪನ ಚಿತ್ರದಲ್ಲಿ ಪಕ್ಕಕ್ಕೆ ನೋಡಿ ನಗುತ್ತಿದ್ದಾಳೆ. ಆ ಓರೆನೋಟವನ್ನು ನೆರೆಯವರು ಎಷ್ಟೋ ಶನಿವಾರ ಹೊಗಳಿದ್ದರು, ಅಪ್ಪನೂ ತಮ್ಮ ಕೈಚಳಕ ಎಂಬಂತೆ ತಲೆಯಾಡಿಸಿದ್ದರು. ಅಮ್ಮ ನೋಡುತ್ತಿದ್ದದ್ದು ಫಾರಿನ್ ಕ್ಯಾಮೆರಾವನ್ನು.

“ಅದು ಹೊಳೀತಿತ್ತು ಕಣೇ,” ಎಂದಳು ಅಮ್ಮ, ಇಷ್ಟು ವರ್ಷದ ಮೇಲೂ ಸ್ವಲ್ಪ ನಾಚಿ.

ಕೊಡಾಕ್ರೋಮಿನ ಸೀರೆ ಗಾಢ ನೀಲಿ, ಮಡಿಕೆಗಳಲ್ಲಿ ಕಪ್ಪಿಗೆ ಹತ್ತಿರ. ಮುಗಿಯಿತು ಅಂದುಕೊಂಡೆ. ಅಮ್ಮ ಬಲಗಣ್ಣು ಮುಚ್ಚಿ ನೋಡಿದಳು, ಎಡಗಣ್ಣು ಮುಚ್ಚಿ ನೋಡಿದಳು, ಮೈದುನನ ಹಿಮವನ್ನೂ ಕೆಂಪು ಕಾರನ್ನೂ ಇನ್ನೊಂದು ಸಲ ಹಾಕಿಸಿ ನೋಡಿದಳು.

“ಈ ಫಿಲಮ್ಮಲ್ಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ. ಆ ಕಾರು ಅಷ್ಟು ಚೆನ್ನಾಗಿತ್ತಾ ಕೇಳು ಅವನ್ನ.”

ಕೇಳಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಬಾಗಿಲಿಗೆ ತುಕ್ಕು ಹಿಡಿದಿತ್ತು ಎಂದು ಚಿಕ್ಕಪ್ಪ ಒಪ್ಪಿಕೊಂಡರು.

“ನೋಡಿದ್ಯಾ? ಇನ್ನೊಂದು ಕಣ್ಣಿನ ಆಪರೇಷನ್ ಮುಗೀಲಿ. ಆಮೇಲೆ ಕೂತು ಸರಿಯಾಗಿ ಹೇಳ್ತೀನಿ. ಅಲ್ಲೀವರೆಗೂ ಯಾವುದನ್ನೂ ಅಳಿಸಬೇಡ.”

ಡಾಕ್ಟರು ದೀಪಾವಳಿ ಕಳೆಯಲಿ ಎಂದಿದ್ದಾರೆ. ಸದ್ಯಕ್ಕೆ ಕಂಪ್ಯೂಟರಿನಲ್ಲಿ ಆ ಒಂದು ಮಧ್ಯಾಹ್ನಕ್ಕೆ ‘ಅಮ್ಮ ಕೆಂಪು’, ‘ಅಮ್ಮ ನಂದಿಬಟ್ಟಲು’, ‘ಅಮ್ಮ ಚಿಕ್ಕಪ್ಪ’ ಎಂದು ಮೂರು ಫೈಲುಗಳಿವೆ. ನಾಲ್ಕನೆಯದಕ್ಕೆ ಹೆಸರು ಕೊಟ್ಟು ಜಾಗ ಬಿಟ್ಟಿದ್ದೇನೆ.